ಕುರ್ಚಿಗಳ ನಡುವೆ ಒಂದು ಚಾಪೆ

ನೊನೌಟಿ ದ್ವೀಪ
ಭಾನುವಾರ ಮಧ್ಯಾಹ್ನ

ಪ್ರೀತಿಯ ಬರಾನಿಕೋ ಅಣ್ಣಾ,

ನಿನ್ನ ಸೊಂಟನೋವು ಕಮ್ಮಿ ಆಯ್ತಾ? ಹಡಗಿನ ಅಡುಗೆಯವನು ಈಗಲಾದ್ರೂ ಮೀನನ್ನ ಮೀನಿನ ಥರ ಬೇಯಿಸ್ತಾನಾ? ಇಲ್ಲಿ ಎಲ್ಲರೂ ಚೆನ್ನಾಗಿದೀವಿ. ಊರಲ್ಲಿ ಸುದ್ದಿ ಅಂದ್ರೆ ನಾನೇ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ: ಏಳು ಅಂದ್ರು, ನಾನು ಏಳಲಿಲ್ಲ.

ನಮ್ಮ ಸಭೆಮನೆಗೆ ಹೊಸ ಸಮಿತಿಯವರು ಪ್ಲಾಸ್ಟಿಕ್ ಕುರ್ಚಿ ತರಿಸಿದಾರೆ ಕಣೋ. ಮೊದಲು ಬಂದೋರಿಗೆ ಮುಂದಿನ ಸಾಲು, ಸಿನಿಮಾಕ್ಕೆ ಬಂದ ಹಾಗೆ; ಮನೆತನಕ್ಕೊಂದು ಜಾಗ ಅನ್ನೋದೇ ಇಲ್ಲ. ಪಡುವಣ ಕಂಬದ ಬುಡದಲ್ಲಿ ಅಜ್ಜ ಕೂತ, ಅಪ್ಪ ಕೂತ, ನೀನು ಕೂತೆ. ಅಲ್ಲಿ ಯಾರೋ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ರೆ ನಾಳೆ ನಮ್ಮ ಮನೆತನ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ? ಜಾಗ ಹೋದ್ರೆ ಊರಲ್ಲಿ ನಮ್ಮ ಮಾತೂ ಹೋಯ್ತು. ಅದಕ್ಕೇ ಸಭೆ ದಿನ ಎರಡು ಕುರ್ಚಿ ಆಚೆ ತಳ್ಳಿ, ಚಾಪೆ ಹಾಸಿ, ನಿನ್ನ ಜಾಗದಲ್ಲಿ ಕೂತೆ. ನಾನು ಕೂತ್ರೆ ಎಬ್ಬಿಸೋಕೆ ದೋಣಿ ಎಳೆಯೋ ಅಷ್ಟು ಜನ ಬೇಕು, ನಿನಗೆ ಗೊತ್ತಲ್ಲ.

ಸಮಿತಿ ಮುಖ್ಯಸ್ಥ ಬೇರೆ ಯಾರೂ ಅಲ್ಲ, ನಮ್ಮ ಚಿಕ್ಕಮ್ಮನ ಮಗ ಇಟಾಯಾನೇ. ಮೆಲ್ಲಗೆ ಬಂದು, "ಎದ್ದೇಳಕ್ಕಾ, ಹೊರಗಿನೋರು ನೋಡಿದ್ರೆ ನಗ್ತಾರೆ" ಅಂದ.

"ನಗಲಿ ಬಿಡೋ, ನಾನೇನು ಅಳ್ಸೋಕೆ ಬಂದಿದೀನಾ?" ಅಂದೆ.

ಹೆಂಗಸು ಆ ಜಾಗದಲ್ಲಿ ಕೂತು ಮಾತಾಡೋ ಹಾಗಿಲ್ಲ ಅಂತ ಹಿಂದಿನ ಸಾಲಲ್ಲಿ ಒಬ್ಬರು ಗೊಣಗಿದ್ರು. ಅಷ್ಟರಲ್ಲಿ ನಮ್ಮ ದೊಡ್ಡತ್ತೆ ತೆಕಾರಾರಾ ಕೋಲೂರಿಕೊಂಡು ಬಂದ್ರು. ಕುರ್ಚಿ ಕೊಟ್ರೆ ಬೇಡ ಅಂತ ನನ್ನ ಚಾಪೆ ಮೇಲೇ ಕೂತ್ಕೊಂಡ್ರು. ಊರಿಗೇ ಹಿರಿಯರು ನೆಲದ ಮೇಲೆ, ಉಳಿದೋರ ತಲೆ ಅವರ ತಲೆಗಿಂತ ಮೇಲೆ! ನಮ್ಮಲ್ಲಿ ಅದೆಲ್ಲ ನಡೆಯುತ್ತಾ? ಮೊದಲು ಪಾದ್ರಿ ಕೆಮ್ಮುತ್ತಾ ಕೆಳಗೆ ಜಾರಿದ್ರು. ಆಮೇಲೆ ಒಬ್ಬೊಬ್ಬರೇ. ಇಳಿದೋರು ಎಲ್ಲಿ ಕೂತ್ರು ಹೇಳು? ತಂತಮ್ಮ ಅಜ್ಜಂದಿರ ಜಾಗದಲ್ಲೇ, ಹುಡುಕೋ ಕೆಲಸಾನೂ ಇರಲಿಲ್ಲ. ಇಟಾಯಾ ಒಬ್ಬನೇ ಕುರ್ಚಿ ಮೇಲೆ ಉಳಿದ, ತೆಂಗು ಹತ್ತಿ ಇಳಿಯೋಕೆ ಹೆದರಿದ ಕಳ್ಳು ತೆಗೆಯೋನ ಹಾಗೆ. ಕೊನೆಗೆ ಅವನೂ ಇಳಿದ, ಪಾಪ.

ಸಮುದ್ರ ನಿನ್ನನ್ನ ಮೆಲ್ಲಗೆ ತೂಗಲಿ ಅಣ್ಣಾ. ಮಕ್ಕಳೆಲ್ಲ ನಮಸ್ಕಾರ ಹೇಳಿದಾರೆ.

ನಿನ್ನ ತಂಗಿ,
ಟೆರೆಟಿಯಾ

ಮರೆತಿದ್ದೆ. ಅತ್ತಿಗೆ ಜೀಗುಜ್ಜೆ ಸುಟ್ಟಿಟ್ಟು ಊಟಕ್ಕೆ ಕೂಗ್ತಿದಾರೆ, ಬೇಗ ಹೇಳ್ಬಿಡ್ತೀನಿ. ದೊಡ್ಡತ್ತೆ ನನ್ನ ಪಕ್ಕೆಗೆ ತಿವಿದು, "ಬಾಯಿ ಇದೆಯಲ್ಲೇ, ಮಾತಾಡು" ಅಂದ್ರು. ನಮ್ಮ ಮನೆತನದ ಪರವಾಗಿ ನಾನೇ ಮಾತಾಡಿದೆ. ಗೊಣಗಿದೋರೂ ತಲೆ ಬಗ್ಗಿಸಿ ಕೇಳಿದ್ರು. ಇನ್ಮೇಲೆ ಆ ಜಾಗ ನಂದು. ರಜಾ ಸಿಕ್ಕಾಗ ಬಾ, ನನ್ನ ಹಿಂದೆ ಕೂತ್ಕೋ.