ನಮ್ಮನೆಯವರು ಹೇಳ್ತಾರೆ

ಮಂಗಳವಾರ, ಸಂಜೆ

ನಮ್ಮ ಕಾಮೆಂಟರಿ ಮಹಾಶಯರಿಗೆ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಈ ಮನೆಯಲ್ಲಿ ಈಗ ಎಲ್ಲರೂ ಎಂದರೆ ನಾನೊಬ್ಬಳೇ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ನಾನೇ ವಾಷರ್ ಬದಲಾಯಿಸಿದೆ. ನೀವು ನಂಬುವುದಿಲ್ಲ ಎಂದು ಗೊತ್ತು, ನಂಬಬೇಡಿ.

ನಿಮ್ಮ ಪತ್ರ ಬಂತು. ಪತ್ರವೋ, ನೋಟೀಸೋ. ಭಾನುವಾರ ವ್ಯಾನ್ ತರುತ್ತೀರಿ, ನಿಮ್ಮ ಕುರ್ಚಿ, ಟಿ.ವಿ., ಕಪಾಟು ಎಲ್ಲ ಹೇರಿಕೊಂಡು ಹೋಗುತ್ತೀರಿ, ನನಗೆ ‘ತೊಂದರೆಯಾಗದ ಹೊತ್ತು’ ಯಾವುದೆಂದು ತಿಳಿಸಬೇಕು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಮೀಟರ್ ನೋಡಲು ಬರುವವರ ಹಾಗೆ ಬರೆದಿದ್ದೀರಿ. ಓದಿದಾಗ ಮೈಯೆಲ್ಲ ಉರಿಯಿತು. ಸಿಟ್ಟು ಇಳಿದ ಮೇಲೆ ಭಯವಾಯಿತು. ನಿಮ್ಮ ಕುರ್ಚಿ ಈ ಮನೆಯಲ್ಲಿ ಇರುವಷ್ಟು ದಿನ ‘ಅವರಿಗೆ ಬೇರೆ ಊರಿಗೆ ವರ್ಗವಾಗಿದೆ’ ಎಂದು ನೆರೆಹೊರೆಯವರಿಗೆ ಹೇಳಬಹುದಿತ್ತು. ಹೇಳಿ ಹೇಳಿ ನಾನೂ ಅರ್ಧ ನಂಬಿದ್ದೆ. ಕುರ್ಚಿಯೂ ಹೋದರೆ ಇನ್ನೇನು ಹೇಳಲಿ?

ವರ್ಗವಾದದ್ದು ಸುಳ್ಳಲ್ಲ ಬಿಡಿ. ನೀವು ಕೆಲಸ ಮಾಡುವ ಗೋದಾಮು ಆ ಊರಿಗೆ ಹೋಯಿತು, ನೀವೂ ಹೋಗಬೇಕಾಯಿತು. ನಾನು ಬರುವುದಿಲ್ಲ ಎಂದೆ, ನೀವು ಸರಿ ಎಂದಿರಿ. ಜಗಳ ಎನ್ನುವಷ್ಟು ಜಗಳವೂ ಆಗಲಿಲ್ಲ. ಒಮ್ಮೆ ಜೋರಾಗಿ ಕೂಗಾಡಿದ್ದರೆ ಒಳ್ಳೆಯದಿತ್ತೇನೋ. ವರ್ಷ ಕಳೆದೇ ಹೋಯಿತು.

ವ್ಯಾನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮಿಂದ ಒಂದು ಉಪಕಾರ ಆಗಬೇಕು. ಅದು ಅರ್ಥವಾಗಬೇಕಾದರೆ ನನ್ನ ಕೆಲಸದ ಕಥೆ ಕೇಳಬೇಕು. ನಾನು ಹಲ್ಲು ಮಾಡುವ ಲ್ಯಾಬಿಗೆ ಸೇರಿದ್ದು ಮಗಳ ಬಾಯಿಂದ ನಿಮಗೆ ತಿಳಿದಿರುತ್ತದೆ. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ನಮಗೆ ಕಳಿಸುತ್ತಾರೆ. ಅದಕ್ಕೆ ಗಚ್ಚು ಸುರಿದು ಹಲ್ಲಿನ ಅಚ್ಚು ತೆಗೆಯುವವರು ಒಬ್ಬರು, ಅವರನ್ನು ಎಲ್ಲರೂ ಅಚ್ಚಣ್ಣ ಎನ್ನುತ್ತಾರೆ. ಆ ಅಚ್ಚಿನ ಮೇಲೆ, ಸವೆದ ಹಲ್ಲಿಗೆ ಟೊಪ್ಪಿಗೆಯಂತೆ ಕೂರುವ ಹೊಸ ಹಲ್ಲನ್ನು ಮೇಣದಲ್ಲಿ ಕೆತ್ತುವವಳು ನಾನು. ಮದುವೆಗೆ ಮುಂಚೆ ಕಲಿತ ವಿದ್ಯೆ, ಕೈ ಮರೆತಿರಲಿಲ್ಲ. ಕೊನೆಗೆ ಹಲ್ಲಿಗೆ ಬಣ್ಣ ಕೂಡಿಸುವವಳು ಒಬ್ಬ ಚಿಕ್ಕ ವಯಸ್ಸಿನವಳು. ಅವಳನ್ನು ನಾನು ಬಣ್ಣದಮ್ಮ ಎನ್ನುತ್ತೇನೆ. ಎಲ್ಲರ ಮೇಲೆ ಡಾಕ್ಟರಮ್ಮ, ಲ್ಯಾಬ್ ಅವರದೇ.

ಒಂದೇ ಕೋಣೆ, ಮೂರು ಗೋಡೆಗೆ ಮೂರು ಮೇಜು. ಎಲ್ಲರೂ ಗೋಡೆ ನೋಡುತ್ತಾ ಕೂರಬೇಕು, ಬೆನ್ನಿಗೆ ಬೆನ್ನು. ಮುಗಿದ ಕೆಲಸವನ್ನು ತಟ್ಟೆಯಲ್ಲಿಟ್ಟು ನಡುವಿನ ಕಪಾಟಿಗೆ ಇಟ್ಟರೆ ಮುಂದಿನವರು ಎತ್ತಿಕೊಳ್ಳುತ್ತಾರೆ. ದಿನವಿಡೀ ಮಾತಿಲ್ಲ ಕತೆಯಿಲ್ಲ. ನಾನು ಸೇರಿದ ಹೊಸದರಲ್ಲಿ ಅಚ್ಚಣ್ಣನ ಮುಖಕ್ಕಿಂತ ಅವರ ಅಂಗಿಯ ಬೆನ್ನಿನ ಹೊಲಿಗೆಯೇ ನನಗೆ ಹೆಚ್ಚು ಪರಿಚಯ. ಟೀ ಹೊತ್ತಿನಲ್ಲೂ ಅವರು ಬಾಗಿಲ ಹತ್ತಿರ ನಿಂತು ಕುಡಿಯುವರು, ಬಣ್ಣದಮ್ಮ ಫೋನು ನೋಡುತ್ತಾ ಕುಡಿಯುವಳು, ನಾನು ನನ್ನ ಲೋಟವನ್ನೇ ನೋಡುತ್ತಾ ಕುಡಿಯುವೆ.

ಹೀಗಿರುವಾಗ ಒಂದು ಎಡವಟ್ಟಾಯಿತು. ಒಂದು ದವಡೆ ಹಲ್ಲಿನ ಅಚ್ಚಿನಲ್ಲಿ ಸಾಸಿವೆಯಷ್ಟು ಗುಳಿ ಇತ್ತು. ರೋಗಿಯ ಹಲ್ಲಿನಲ್ಲೇ ಗುಳಿ ಇದೆಯೋ, ಗಚ್ಚು ಸುರಿಯುವಾಗ ಗಾಳಿ ಸೇರಿ ಆದದ್ದೋ ನನಗೆ ತಿಳಿಯಲಿಲ್ಲ. ಹಿಂದೆ ತಿರುಗಿ ಅಚ್ಚಣ್ಣನನ್ನು ಕೇಳಿದ್ದರೆ ಮುಗಿದಿತ್ತು. ಆದರೆ ಮಾತೇ ಆಡದವರ ಹತ್ತಿರ ಹೋಗಿ ಮೊಟ್ಟಮೊದಲಿಗೆ ‘ನಿಮ್ಮ ಅಚ್ಚಿನಲ್ಲಿ ಗುಳಿ ಇದೆ’ ಎಂದು ಹೇಗೆ ಹೇಳುವುದು? ತಪ್ಪು ಹುಡುಕಲು ಬಂದಳು ಎಂದುಕೊಂಡರೆ? ಸುಮ್ಮನೆ ಗುಳಿಯೊಳಕ್ಕೂ ಮೇಣ ತುಂಬಿದೆ. ಹಲ್ಲು ತಯಾರಾಗಿ ಹೋಯಿತು, ಒಳಗೆ ಆ ಗುಳಿಯ ಆಕಾರದ ಗಂಟಿದ್ದ ಹಲ್ಲು ರೋಗಿಯ ಬಾಯಲ್ಲಿ ಕೂರುವುದುಂಟೇ? ವಾಪಸ್ ಬಂತು. ಡಾಕ್ಟರಮ್ಮ ಬೈಯಲಿಲ್ಲ. ‘ಒಂದ್ ಮಾತು ಕೇಳಿದ್ರೆ ಆಗ್ತಿತ್ತಲ್ಲಮ್ಮ’ ಅಂದರು ಅಷ್ಟೇ. ಅಚ್ಚಣ್ಣ ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದರು.

ಅವತ್ತು ಬಸ್ಸಿನಲ್ಲಿ ಯೋಚಿಸಿದೆ. ಆ ಒಂದು ಮಾತು ಕೇಳಬೇಕಾದರೆ ಅದಕ್ಕೂ ಮುಂಚೆ ಬೇರೆ ಏನಾದರೂ ಮಾತಾಡಿರಬೇಕಲ್ಲ. ಏನು ಮಾತಾಡುವುದು? ಬಿಸಿಲು, ಚಳಿ ಅಂದರೆ ಹೌದು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆಗ ಅಚ್ಚಣ್ಣ ಮೊಳೆಗೆ ನೇತುಹಾಕುವ ಹಳದಿ ಟೋಪಿ ನೆನಪಾಯಿತು. ನಿಮ್ಮದೇ ತಂಡದ ಟೋಪಿ, ನಿಮ್ಮ ಹಾಳು ಹಳದಿಯವರದು. ಪಕ್ಕದ ಸೀಟಿನವರ ಪೇಪರಿನಲ್ಲಿ ಇಣುಕಿ ನೋಡಿದೆ. ಹಿಂದಿನ ದಿನ ಹಳದಿಯವರು ಫುಟ್‌ಬಾಲ್‌ನಲ್ಲಿ ಸೋತಿದ್ದರು.

ಮರುದಿನ ಅವರು ಬಟ್ಟಲಿನಲ್ಲಿ ಗಚ್ಚು ಕಲಸುತ್ತಿದ್ದಾಗ, ಗೋಡೆ ನೋಡಿಕೊಂಡೇ, ‘ಮೊನ್ನೆ ನಮ್ಮೋರು ಸೋತ್ರಂತಲ್ಲ’ ಅಂದೆ. ಬೆನ್ನ ಹಿಂದೆ ಕಲಸುವ ಸದ್ದು ನಿಂತಿತು. ‘ಸೋಲೋದೇನು, ಸೋಲಿಸಿದ್ರು. ರೆಫ್ರಿಗೆ ಕಣ್ಣಿತ್ತಾ?’ ಅಂದರು. ರೆಫರಿಗೆ ಕಣ್ಣಿದ್ದರೆ ನನಗೇನು, ಇಲ್ಲದಿದ್ದರೆ ನನಗೇನು? ಬಾಯಿ ತೆರೆದೆ, ನಿಮ್ಮ ಮಾತು ಹೊರಗೆ ಬಂತು. ‘ರೆಫ್ರಿದು ಬಿಡಿ. ನಡುವೆ ಆಡೋರಿಗೆ ಉಸಿರೇ ಇಲ್ಲ. ಅರ್ಧ ಆಟ ಆದ್ರೆ ಮುಂದೆ ಹೋದೋರು ಹಿಂದಕ್ಕೆ ಬರೋದೇ ಇಲ್ಲ’ ಅಂದುಬಿಟ್ಟೆ. ಹಾಗೆಂದರೆ ಏನೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಅಚ್ಚಣ್ಣ ಸ್ಟೂಲು ತಿರುಗಿಸಿ ನನ್ನ ಕಡೆ ನೋಡಿದರು. ‘ಇದನ್ನ ನಿಮಗೆ ಯಾರು ಹೇಳಿದ್ರು?’ ಅಂದರು. ‘ನಮ್ಮನೆಯವರು ಹೇಳ್ತಾರೆ’ ಅಂದೆ. ‘ತಿಳ್ಕೊಂಡೋರು’ ಅಂದರು. ಬಟ್ಟಲಿನಲ್ಲಿ ಅವರ ಗಚ್ಚು ಗಟ್ಟಿಯಾಗಿ ಕಲ್ಲಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಬಂದ ಕೂಡಲೇ ‘ಮನೆಯೋರು ಏನಂದ್ರು?’ ಎಂದೇ ಕೇಳುತ್ತಾರೆ. ಬಣ್ಣದಮ್ಮ ನೀಲಿ ತಂಡದ ಕಡೆ, ಅವಳೂ ಫೋನು ಬದಿಗಿಟ್ಟು ವಾದಕ್ಕೆ ನಿಂತಳು. ನಿಮ್ಮ ಮಾತುಗಳೆಲ್ಲ ನನ್ನಲ್ಲಿ ಇಷ್ಟೊಂದು ಉಳಿದಿವೆ ಎಂದು ನನಗೇ ಗೊತ್ತಿರಲಿಲ್ಲ. ನಾನು ತರಕಾರಿ ಹೆಚ್ಚುವಾಗ ನೀವು ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಹೇಳುತ್ತಿದ್ದುದೆಲ್ಲ ಒಂದೊಂದೇ ಹೊರಬಂತು. ಮುಂದೆ ಆಡುವವನು ಚೆಂಡು ಸಿಕ್ಕರೆ ಸಾಕು, ಕಣ್ಣು ಮುಚ್ಚಿ ಒದೆಯುತ್ತಾನೆ. ಕೋಚ್‌ಗೆ ಕೊಬ್ಬು. ಬಲಗಡೆಯವನು ಚೆನ್ನಾಗಿ ಆಡುತ್ತಾನೆ ಆದರೆ ಅವನಿಗೆ ಯಾರೂ ಚೆಂಡೇ ಕೊಡುವುದಿಲ್ಲ. ನಮ್ಮನೆಯವರು ಹೇಳ್ತಾರೆ, ನಮ್ಮನೆಯವರು ಹೇಳ್ತಾರೆ. ಒಮ್ಮೊಮ್ಮೆ ಹಾಗೆ ಹೇಳುವಾಗ ನೀವು ಬೆಳಿಗ್ಗೆ ತಾನೇ ಟೀ ಕುಡಿದು ಹೋಗಿದ್ದೀರಿ ಎಂದೇ ನನಗೆ ಅನ್ನಿಸುತ್ತಿತ್ತು.

ಈಗ ಗುಳಿ ಕಂಡರೆ ತಟ್ಟೆ ಎತ್ತಿಕೊಂಡು ನೇರ ಅಚ್ಚಣ್ಣನ ಮೇಜಿಗೇ ಹೋಗುತ್ತೇನೆ. ‘ಇದು ಬಾಯಿದಾ, ಗಾಳಿದಾ?’ ಎಂದು ಕೇಳುತ್ತೇನೆ. ಕನ್ನಡಕ ಮೇಲೇರಿಸಿ ನೋಡಿ, ‘ಗಾಳಿದು, ಮುಚ್ಚಿ’ ಎನ್ನುತ್ತಾರೆ. ಅದರ ಬೆನ್ನಿಗೇ ಆಟದ ಮಾತು. ಬಣ್ಣದಮ್ಮ ಕೂಡ ಹಲ್ಲು ತೀರಾ ಬಿಳಿಯಾಯಿತೇ ಎಂದು ನನ್ನನ್ನು ಕೇಳುತ್ತಾಳೆ. ಒಂದು ಹಲ್ಲೂ ವಾಪಸ್ ಬರುತ್ತಿಲ್ಲ. ಕೆಲಸ ಖಾಯಂ ಆಯಿತು. ನಿಮಗೆ ಥ್ಯಾಂಕ್ಸ್ ಹೇಳಬೇಕು, ಹೇಳಿದ್ದೇನೆ ಎಂದುಕೊಳ್ಳಿ.

ಆದರೆ ಹೋದ ವಾರ ಸಿಕ್ಕಿಬಿದ್ದೆ. ಭಾನುವಾರದ ಫೈನಲ್ಲಿನ ಮಾತು ಬಂತು, ಹಳದಿಯವರಿಗೂ ನೀಲಿಯವರಿಗೂ. ನಾನು ಗತ್ತಿನಿಂದ, ‘ನಮ್ಮನೆಯವರು ಹೇಳ್ತಾರೆ, ಗೋಲ್ ಕಾಯೋ ಆ ಉದ್ದ ಗೋಲಿ ಇರೋ ತನಕ ಭಯ ಇಲ್ಲ, ಎಡಕ್ಕೆ ಹಾರೋದ್ರಲ್ಲಿ ಮಾತ್ರ ಸ್ವಲ್ಪ ನಿಧಾನ’ ಅಂದೆ. ಬಣ್ಣದಮ್ಮ ಮೆಲ್ಲಗೆ, ‘ಅಕ್ಕಾ, ಆ ಗೋಲಿ ಆಟ ಬಿಟ್ಟು ಎಷ್ಟೋ ತಿಂಗಳಾಯ್ತಲ್ಲ’ ಅಂದಳು. ನೀವು ಹೋದ ಮೇಲೆ ಟಿ.ವಿ. ಮೇಲಿನ ಬಟ್ಟೆಯನ್ನೇ ನಾನು ತೆಗೆದಿಲ್ಲ. ನನ್ನಲ್ಲಿರುವುದೆಲ್ಲ ಹೋದ ವರ್ಷದ ಮಾತು. ಉದ್ದ ಗೋಲಿ ಆಟ ಬಿಟ್ಟ ಸುದ್ದಿ ನಿಮ್ಮ ಬಾಯಿಂದ ಬಾರದೆ ಹೊರಗಿನವರಿಂದ ಕೇಳಬೇಕಾಯಿತಲ್ಲ ಎಂದು ನನಗೆ ಬಹಳ ನೋವಾಯಿತು. ನಗಬೇಡಿ, ನಿಜವಾಗಿಯೂ ನೋವಾಯಿತು.

ಹೇಗೋ ಸಾವರಿಸಿಕೊಂಡೆ. ನಕ್ಕು, ‘ಇವರಿಗೆ ಹಳೇ ಆಟ ಹಾಕ್ಕೊಂಡು ಕೂರೋ ಚಟ’ ಅಂದೆ. ನಂಬಿದರು. ನಂಬಿದ್ದಲ್ಲದೆ, ಫೈನಲ್ಲನ್ನು ನಮ್ಮ ಮನೆಯಲ್ಲೇ ನಿಮ್ಮ ಜೊತೆ ಕೂತು ನೋಡುತ್ತೇವೆ ಎಂದು ಹಟ ಹಿಡಿದರು. ನಾನೂ ಹೂಂ ಎಂದುಬಿಟ್ಟೆ. ಆದ್ದರಿಂದ ಉಪಕಾರ ಇಷ್ಟೇ: ಭಾನುವಾರ ಬನ್ನಿ, ವ್ಯಾನ್ ಬೇಡ. ಒಂದು ಸಂಜೆ ನಿಮ್ಮ ಕುರ್ಚಿಯಲ್ಲಿ ಕೂತು, ಯಾವತ್ತೂ ಇಲ್ಲೇ ಇರುವವರ ಹಾಗೆ ಇರಿ. ಕೋಚ್‌ನನ್ನು ಬೈಯಿರಿ. ಚಪ್ಪಲಿ ಬಾಗಿಲ ಹತ್ತಿರ ಅಡ್ಡಾದಿಡ್ಡಿ ಬಿಡಿ, ನಾನು ಗೊಣಗುತ್ತೇನೆ. ನಿಮಗೆ ಅದು ನಟನೆ ಎನಿಸುವುದಾದರೆ ನಟಿಸಿ. ವ್ಯಾನ್ ಬೇಕೇ ಬೇಕಾದರೆ ಸೋಮವಾರ ಕರೆಯಿರಿ.

ಇನ್ನೊಂದು ಮಾತು. ಗೋಡೆ ನೋಡುತ್ತಾ ಕೂತು ‘ಸೋತ್ರಂತಲ್ಲ’ ಎಂದು ಶುರು ಮಾಡುವುದು ಎಷ್ಟು ಕಷ್ಟ ಎಂದು ಈಗ ನನಗೆ ಗೊತ್ತು. ಆಟಕ್ಕೋಸ್ಕರ ನಾನು ಬಾಯಿ ತೆರೆದದ್ದಲ್ಲ. ಹಾಗಾದರೆ ನೀವು ಸಂಜೆ ಸಂಜೆ ಅಡುಗೆಮನೆಯ ಕಡೆ ತಿರುಗಿ ಗೋಲಿಯ ವಿಷಯ ಹೇಳುತ್ತಿದ್ದುದೂ ಬರೀ ಗೋಲಿಯ ವಿಷಯ ಆಗಿರಲಿಲ್ಲವೇನೋ. ನನ್ನ ಜೊತೆ ಮಾತಿಗೆ ಎಳೆ ಹುಡುಕುತ್ತಿದ್ದಿರೇನೋ. ಇರಬಹುದು, ಇಲ್ಲದಿರಬಹುದು, ನೀವೇ ಹೇಳಬೇಕು. ಹಾಗೆಂದು ತಪ್ಪೆಲ್ಲ ನನ್ನ ತಲೆಗೆ ಕಟ್ಟಬೇಡಿ. ನೀವೂ ಒಂದು ದಿನ ಗೋಲಿಯನ್ನು ಬಿಟ್ಟು, ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಬಹುದಿತ್ತು. ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಜಾಸ್ತಿ.

ನೀವಿಲ್ಲದ ಮನೆ ನನಗೆ ಸಾಕಾಗಿದೆ. ಇದನ್ನು ಬರೆಯಬಾರದು ಎಂದುಕೊಂಡೇ ಕೂತಿದ್ದೆ.

ಆಟ ಸಂಜೆ ಶುರುವಾಗುತ್ತದಂತೆ. ಅದಕ್ಕೂ ಮೊದಲೇ ಬನ್ನಿ, ಟಿ.ವಿ.ಯಲ್ಲಿ ಯಾವ ಬಟನ್ ಒತ್ತಬೇಕೋ ನನಗೆ ಮರೆತುಹೋಗಿದೆ.

ಕಾಯುತ್ತಿರುವ,
ನಿಮ್ಮ ಮನೆಯವಳು

ಮತ್ತೆ: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮನಸ್ಸು ತಡೆಯದೆ ಬಿಚ್ಚಿದೆ. ಭಾನುವಾರ ನಮ್ಮ ಮನೆಗೆ ಯಾರೂ ಬರುವುದಿಲ್ಲ. ಗೋಲಿಯ ವಿಷಯದಲ್ಲಿ ನಾನು ನಗಲಿಲ್ಲ, ಅವರ ಮುಂದೆಯೇ ಅತ್ತುಬಿಟ್ಟೆ. ನೀವು ಇಲ್ಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅಚ್ಚಣ್ಣ ‘ಅವರನ್ನೇ ಒಂದ್ ಮಾತು ಕೇಳಿ ನೋಡ್ಬಾರ್ದಾ’ ಅಂದರು. ಅವರೆಲ್ಲ ಆಟವನ್ನು ಅಚ್ಚಣ್ಣನ ಮನೆಯಲ್ಲಿ ನೋಡುತ್ತಾರೆ. ನನ್ನನ್ನೂ ಕರೆದರು, ಬರುವುದಿಲ್ಲ ಎಂದೆ. ನೆಪವಿಲ್ಲದೆ ನಿಮ್ಮನ್ನು ಹೇಗೆ ಕರೆಯಬೇಕೋ ತಿಳಿಯಲಿಲ್ಲ, ಅದಕ್ಕೇ ಇಷ್ಟೆಲ್ಲ ಬರೆದೆ. ಸಾಮಾನಿಗೆಂದು ಬರುವುದಾದರೆ ಸೋಮವಾರ ಬನ್ನಿ, ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿರುತ್ತೇನೆ. ನನಗೆಂದು ಬರುವುದಾದರೆ ಭಾನುವಾರವೇ ಬನ್ನಿ, ಬಾಗಿಲು ನಾನೇ ತೆಗೆಯುತ್ತೇನೆ.