ತುಳಿದರೂ ಹೊರಡದ ಕಾರು

ರೀ,

ನೈಟ್ ಶಿಫ್ಟ್ ಮುಗಿಸಿ ಬಂದಿದ್ದೀರೆಂದು ಎಬ್ಬಿಸಲಿಲ್ಲ. ಉಪ್ಪಿಟ್ಟು ಹಾಟ್‌ಬಾಕ್ಸಿನಲ್ಲಿದೆ. ಕಾರಿನ ಕೀ ಫ್ರಿಡ್ಜಿನ ಮೇಲಿದೆ. ನಾನು ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ.

ನಿನ್ನೆ ಅತ್ತೆಮ್ಮನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುವಾಗ ಪಿಲ್ಲಗುಂಪೆ ಕ್ರಾಸಿನಲ್ಲಿ ಹೈವೇ ದಾಟಲು ಆಕ್ಸಿಲರೇಟರ್ ತುಳಿದೆ. ನೀವು ಆಸೆಪಟ್ಟು ತಂದ ಟರ್ಬೊ ಆಟೊಮ್ಯಾಟಿಕ್ ಕಾರು ತಾನೇ ಗೇರ್ ಹುಡುಕುತ್ತಾ ರಸ್ತೆ ಮಧ್ಯೆ ತೆವಳಿತು. ಟ್ಯಾಂಕರ್ ಬರುತ್ತಿತ್ತು. ಇಳಿಯುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. "ಯಾಕವ್ವ, ನಿಂತೋಯ್ತಾ?" ಎಂದು ಅತ್ತೆಮ್ಮ ನನ್ನ ತೋಳು ಹಿಡಿದರು. ಇನ್ನೂ ಒತ್ತಿ ತುಳಿದಾಗ ಕಾರು ಒಮ್ಮೆಲೇ ನೆಗೆಯಿತು; ಡಿವೈಡರ್‌ಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಹೇಳಿದರೆ ನೀವು "ನಿಂಗೆ ಓಡ್ಸಕ್ಕೆ ಬರಲ್ಲ ಕಣೇ" ಎಂದು ನಕ್ಕಿರಿ. ಬಸ್ಸಿಗೆ ಹೋಗುತ್ತೇನೆಂದರೆ "ಮನೇಲಿ ಕಾರಿಟ್ಕೊಂಡು ಬಸ್ಸಾ? ಊರೋರು ಏನಂತಾರೆ?" ಎಂದಿರಿ. ರಾತ್ರಿಯೆಲ್ಲ ಆ ಸೀಟಿನಲ್ಲೇ ಕೂತಿದ್ದಂತಿತ್ತು ನನಗೆ.

ಬೆಳಿಗ್ಗೆ ಅತ್ತೆಮ್ಮನೇ ಫ್ರೀ ಟಿಕೆಟ್‌ಗೆ ಬೇಕೆಂದು ನನ್ನ ಆಧಾರ್ ಕಾರ್ಡ್ ತಂದುಕೊಟ್ಟು, "ಬಸ್ಸಿಗೋಗವ್ವ, ಅವ್ನಿಗೆ ನಾನು ಹೇಳ್ಕೊಂತೀನಿ" ಎಂದರು.

ಡಾಕ್ಟರು ಇವತ್ತೂ ಬರಹೇಳಿದ್ದಾರೆ, ಅವರನ್ನು ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ. ಕ್ರಾಸಿನಲ್ಲಿ ರಸ್ತೆ ಪೂರ್ತಿ ಖಾಲಿಯಾಗುವ ತನಕ ತುಳಿಯಬೇಡಿ. ಓಡಿಸಲು ಬರುವವರಿಗೂ ಅದು ತಡವಾಗಿಯೇ ಹೊರಡುತ್ತದೆ.

ಚಂದನ