ಬೆಳಗಿನ ಆರೂ ಹತ್ತು

ಹಾಸನ, 12-6-2006

ಹೊಳೆನರಸೀಪುರದ ಗಿರಿಧರ ಮೇಷ್ಟ್ರಿಗೆ ವರದರಾಜನ ನಮಸ್ಕಾರ.

ಒಟ್ಟು ಖರ್ಚು: ಹೊಸ ಹಾರ್ಡ್ ಡಿಸ್ಕಿಗೆ ಮೂರು ಸಾವಿರ, ನನ್ನ ನಾಲ್ಕು ದಿನ, ನಿಮ್ಮ ಮಗಳ ಎರಡು ವರ್ಷ. ಕೊನೆಯದನ್ನು ವಿವರಿಸಲು ಈ ಕಾಗದ.

ಡಿಸ್ಕ್ ಕೆಡಲಿದೆ ಎಂದು ಲ್ಯಾಪ್‌ಟಾಪ್ ತಿಂಗಳಿಂದ ಎಚ್ಚರಿಸುತ್ತಿತ್ತು. ನಾನು ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ. ರಿಪೇರಿಯ ಕುಮಾರ್, "ಇದು ಓಯ್ತದೆ ಕಣ್ ಸಾ. ಓಗೋವಾಗ ಊರೋರ ಜಾತ್ಕಾನೂ ತಕ್ಕಂಡೋಯ್ತದೆ" ಎಂದ. ಹೆದರಿ, ಹೆಣ್ಣುಗಂಡಿನವರು ಬರೆದುಕೊಟ್ಟ ಹಳೆಯ ಚೀಟಿಗಳನ್ನೆಲ್ಲ ತೆಗೆದು ಲ್ಯಾಪ್‌ಟಾಪಿನಲ್ಲಿದ್ದ ಜಾತಕಗಳೊಂದಿಗೆ ತಾಳೆ ನೋಡಿದೆ.

ನಿಮ್ಮ ಶ್ರೀಗೌರಿ ಹುಟ್ಟಿದ್ದು ಬೆಳಿಗ್ಗೆ ಆರೂ ಹತ್ತಕ್ಕೆ. ನಾನು ಸಂಜೆ ಎಂದು ಹಾಕಿದ್ದೆ. ಐದು ವರಗಳನ್ನು ಹಿಂದಕ್ಕೆ ಕಳಿಸಿದ ಕುಜದೋಷ ನನ್ನ ಬೆರಳಿನದು.

ಶಾಂತಿ ಮಾಡಿಸಿದರೆ ಹೋಗುತ್ತದೆ ಎಂದು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಭಾನುವಾರ ಬರುತ್ತೇನೆ, ಅವಳೂ ಮನೆಯಲ್ಲಿರಲಿ. ಅವಳೆದುರೇ ಹೇಳಬೇಕು.

ಕುಮಾರನಿಗೆ ಮೂರು ಸಾವಿರ, ನನಗೆ ನಾಚಿಕೆ, ಶ್ರೀಗೌರಿಗೆ ಅವಳದೇ ಜಾತಕ.

ಇಂತು,
ವರದರಾಜ, ವಧೂವರರ ಮಾಹಿತಿ ಕೇಂದ್ರ